ಖಿನ್ನತೆಯ ಗುಳಿಗೆ ಏಕಾಏಕಿ ನಿಲ್ಲಿಸಬೇಡಿ

ಮಾನ್ಯ ಸಂಪಾದಕರೇ,

ಖಿನ್ನತೆಗೆ ಗುಳಿಗೆ ತೆಗೆದುಕೊಳ್ಳುತ್ತಿರುವವರಿಗೆ ನಮ್ಮ ಜಮಖಂಡಿ ಕಡೆ ಮನೆಮಂದಿಯೇ ಹೇಳುವ ಮಾತೊಂದಿದೆ: ‘ಈಗ ಆರಾಮವಾಗಿದ್ದೀಯಲ್ಲ, ಸಾಕು ಬಿಡು, ಚಟವಾದೀತು.’ ಕಾಳಜಿಯಿಂದ ಆಡುವ ಈ ಮಾತೇ ದೊಡ್ಡ ಹಾನಿ ಮಾಡುತ್ತದೆ. ಈ ಗುಳಿಗೆಗಳು ಸಾರಾಯಿಯಂತೆ ಚಟ ಹಿಡಿಸುವುದಿಲ್ಲ. ಆದರೆ ಥಟ್ಟನೆ ಬಿಟ್ಟರೆ ತಲೆಸುತ್ತು, ವಾಕರಿಕೆ, ನಿದ್ದೆಗೇಡು, ಕೆಲವರಿಗೆ ತಲೆಯೊಳಗೆ ಕರೆಂಟ್ ಹೊಡೆದಂಥ ಅನುಭವ ಆಗುತ್ತದೆ, ಕಾಯಿಲೆ ಮರುಕಳಿಸಲೂಬಹುದು. ಪ್ರಮಾಣವನ್ನು ವೈದ್ಯರೇ ಹಂತಹಂತವಾಗಿ ಇಳಿಸಬೇಕು.

ಗುಣ ಕಾಣಲು ಸಾಮಾನ್ಯವಾಗಿ 2ರಿಂದ 4 ವಾರ ಬೇಕು, ಕೆಲವೊಮ್ಮೆ ಇನ್ನೂ ಹೆಚ್ಚು. ಆರಂಭದ ದಿನಗಳಲ್ಲಿ, ಅದರಲ್ಲೂ ಹದಿಹರೆಯದವರಲ್ಲಿ ಮತ್ತು ಯುವಜನರಲ್ಲಿ, ವಿಪರೀತ ಚಡಪಡಿಕೆಯೋ ಸಾಯುವ ಯೋಚನೆಯೋ ಕಂಡರೆ ತಕ್ಷಣ ವೈದ್ಯರಿಗೆ ತಿಳಿಸಬೇಕು. ತಾವಾಗಿಯೇ ಕೊಂಡು ನುಂಗುವ ಮೈಕೈ ನೋವಿನ ಗುಳಿಗೆಯ ವಿಷಯವನ್ನೂ ಮುಚ್ಚಿಡಬಾರದು. ಖಿನ್ನತೆಯ ಕೆಲವು ಗುಳಿಗೆಗಳ ಜೊತೆ ಕೆಲವು ನೋವಿನ ಗುಳಿಗೆ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ.

ಮಡಿಚಿ ಮಡಿಚಿ ಹರಿದುಹೋದ ಹಳೆಯ ಚೀಟಿಗೂ ಔಷಧ ಅಂಗಡಿಯಲ್ಲಿ ಗುಳಿಗೆಯ ಪಟ್ಟಿ ಕತ್ತರಿಸಿ ಕೊಡುವುದನ್ನು ನೋಡಿದ್ದೇನೆ. ಅಧಿಕಾರಿಗಳು ಇದನ್ನು ತಡೆಯಬೇಕು. ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆಯವರೆಗೆ ಹೋಗಲಾಗದವರು ಟೆಲಿ ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಉಚಿತ ಸಹಾಯವಾಣಿ 14416ಕ್ಕೆ ಹಗಲಿರುಳು ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಈ ಸಂಖ್ಯೆಯನ್ನು ಪ್ರತಿ ಔಷಧ ಅಂಗಡಿಯ ಮುಂದೆ ಬರೆಸಬೇಕು.

– ಓದುಗ, ಜಮಖಂಡಿ