ಅಳಿಯಂದಿರು ರಿಟೈರ್ ಆಗೋಕೆ ಮುಂಚೆ

ನಿಟುವಳ್ಳಿ, ದಾವಣಗೆರೆ

ಚಿ.ಸೌ. ಮಗಳಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ಮೊನ್ನೆ ಫೋನಿನಲ್ಲಿ ನೀನು, "ಮಾವ, ಬರೋ ವರ್ಷ ಇವರು ಮನೆಗೆ ಬಂದುಬಿಡ್ತಾರೆ, ಆಮೇಲೆ ಆಸ್ಪತ್ರೆ ಖರ್ಚೆಲ್ಲ ಮಿಲಿಟ್ರಿಯವರೇ ನೋಡ್ಕೋತಾರಲ್ಲ" ಅಂದೆ. ನೋಡ್ಕೋತಾರೆ, ನಿಜ. ಆದರೆ ಯಾರ್ಯಾರನ್ನ ಅನ್ನೋದು ಕಾಗದದಲ್ಲಿ ಇರಬೇಕು. ಬಾಯಲ್ಲಿ ಹೇಳಿದ್ದು ಮರೆತುಹೋಗುತ್ತೆ ಅಂತ ಬರೀತಿದ್ದೀನಿ, ಎತ್ತಿಟ್ಟುಕೋ.

ನಿನ್ನ ರತ್ನತ್ತೆಗೆ ಆಗಿದ್ದು ನಿನಗೆ ಪೂರ್ತಿ ಗೊತ್ತಿಲ್ಲ. ಮದುವೆಯಾದಾಗ ನಾನು ಯೂನಿಟ್ಟಿನಲ್ಲಿ ಬರೆಸಿದ ಹೆಸರು ರತ್ನಮ್ಮ. ಅವಳ ಆಧಾರಿನಲ್ಲಿ ಬರೀ ರತ್ನಾ, ಹುಟ್ಟಿದ ವರ್ಷವೂ ಬೇರೆ. ರಿಟೈರ್ ಆದಮೇಲೆ ನನ್ನ ಇಸಿಎಚ್‌ಎಸ್ ಕಾರ್ಡ್, ಅಂದರೆ ಮಾಜಿ ಸೈನಿಕರ ಆಸ್ಪತ್ರೆ ಖರ್ಚು ನೋಡಿಕೊಳ್ಳುವ ಯೋಜನೆಯ ಕಾರ್ಡ್ ಬಂತು, ಅವಳ ಅರ್ಜಿ ವಾಪಸ್ ಬಂತು. ಅದನ್ನ ಸರಿಮಾಡಿಸೋಕೆ ಓಡಾಡ್ತಿದ್ದಾಗಲೇ ಅವಳಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಗಬೇಕಾಯ್ತು. ಕೌಂಟರಿನಲ್ಲಿ ನನ್ನ ಕಾರ್ಡ್ ಇಟ್ಟೆ. ಅಲ್ಲಿದ್ದ ಹುಡುಗಿ ಹಿಂದೆ ಮುಂದೆ ತಿರುಗಿಸಿ ನೋಡಿ, "ಸಾರ್, ಇದು ನಿಮ್ಮೊಬ್ಬರದೇ ಕಾರ್ಡು. ಅಮ್ಮಂದು ಎಲ್ಲಿ?" ಅಂದಳು. ಸ್ಕ್ಯಾನಿಂಗ್ ಕವರನ್ನ ಎದೆಗೆ ಅವಚಿಕೊಂಡು ನಿನ್ನತ್ತೆ ಬೆಂಚಿನ ಮೇಲೆ ಕೂತಿದ್ದಳು. ಆ ವರ್ಷದ ಮೆಕ್ಕೆಜೋಳದ ದುಡ್ಡೆಲ್ಲ ಅಲ್ಲೇ ಕರಗಿತು. ದುಡ್ಡು ಹೋಗಿದ್ದಕ್ಕಿಂತ, ಹಕ್ಕಿದ್ದೂ ಅವಳು ಹಾಗೆ ಕೂರಬೇಕಾಯ್ತಲ್ಲ ಅನ್ನೋದು ನನಗೆ ಇವತ್ತಿಗೂ ಸಂಕಟ.

ಅದಕ್ಕೇ ಮೊದಲನೇ ಕೆಲಸ ಇದು. ಮದುವೆ, ಮಕ್ಕಳು ಹುಟ್ಟಿದ್ದು ಎಲ್ಲ ಯೂನಿಟ್ಟಿನ ಪಾರ್ಟ್ ಟು ಆರ್ಡರಿನಲ್ಲಿ, ಅಂದರೆ ಸೈನಿಕನ ಮನೆಯವರ ವಿವರ ದಾಖಲಿಸುವ ಆದೇಶದಲ್ಲಿ ಬರುತ್ತೆ. ನಾಳೆ ಪಿಂಚಣಿ ಪುಸ್ತಕದಲ್ಲೂ ಕಾರ್ಡಿನಲ್ಲೂ ಬರೋದು ಅದೇ ಹೆಸರು, ಅದೇ ತಾರೀಕು. ಆ ಆರ್ಡರಿನ ನಕಲು ತರಿಸಿ, ನಿನ್ನದು ಮತ್ತು ಎರಡೂ ಮಕ್ಕಳದು ಆಧಾರಿನ ಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡು. ಒಂದು ಇನಿಷಿಯಲ್ ಹೆಚ್ಚುಕಮ್ಮಿ ಇದ್ದರೂ ಅಳಿಯಂದಿರು ಸರ್ವೀಸಿನಲ್ಲಿರುವಾಗಲೇ ತಿದ್ದಿಸಲಿ. ಯೂನಿಟ್ಟಿನ ಕ್ಲರ್ಕ್ ಎದುರಿಗೇ ಇರುವಾಗ ಆಗೋ ಕೆಲಸ, ಮನೆಗೆ ಬಂದಮೇಲೆ ತಿಂಗಳುಗಟ್ಟಲೆ ಅಂಚೆಯಲ್ಲಿ ಓಡಾಡುತ್ತೆ.

ನೀನು ಇಸಿಎಚ್‌ಎಸ್ ಅಂತ ಕೇಳಿದೆಯಲ್ಲ, ಅದು ಈಗ ನಿಮಗೆ ಸಿಗೋದಿಲ್ಲ. ಅಳಿಯಂದಿರು ಸರ್ವೀಸಿನಲ್ಲಿ ಇರೋತನಕ ನಿಮಗೆಲ್ಲ ಸೈನ್ಯದ ಆಸ್ಪತ್ರೆಗಳೇ, ಬೆಂಗಳೂರಿನ ಕಮಾಂಡ್ ಹಾಸ್ಪಿಟಲ್ ಅಥವಾ ಬೆಳಗಾವಿಯ ಮಿಲಿಟರಿ ಆಸ್ಪತ್ರೆ. ಇಸಿಎಚ್‌ಎಸ್ ಇರೋದು ಪಿಂಚಣಿ ಬರುವ ಮಾಜಿ ಸೈನಿಕರಿಗೆ, ಅವರು ತೀರಿಕೊಂಡರೆ ಕುಟುಂಬ ಪಿಂಚಣಿ ಪಡೆಯುವ ಹೆಂಡತಿಗೆ ಮತ್ತು ಅವಲಂಬಿತರಿಗೆ. 2003ರ ಏಪ್ರಿಲ್ 1ರಿಂದ ನಡೀತಿದೆ. ರಿಟೈರ್ ಆಗುವಾಗಲೇ ಒಂದು ಸಲ ದುಡ್ಡು ಹಿಡೀತಾರೆ, ಹವಾಲ್ದಾರ್‌ವರೆಗೆ 30,000, ನಾಯಬ್ ಸುಬೇದಾರರಿಂದ ಸುಬೇದಾರ್ ಮೇಜರ್‌ವರೆಗೆ 67,000. ಯಾಕೆ ಹಿಡಿದರು ಅಂತ ಕೊರಗಬೇಡ. ಜೀವನಪೂರ್ತಿ ಬರುವ ನೆರಳು ಅದು.

ಮಗನಿಗೆ 25 ತುಂಬೋತನಕ ಮಾತ್ರ. ಅದಕ್ಕೆ ಮುಂಚೆ ದುಡಿಮೆಗೆ ಹತ್ತಿದರೆ ಅಥವಾ ಮದುವೆಯಾದರೆ ಅಲ್ಲಿಗೇ ನಿಲ್ಲುತ್ತೆ. ಮಗಳಿಗೆ ವಯಸ್ಸಿನ ಕಟ್ಟಿಲ್ಲ, ಸಂಪಾದನೆ ಶುರುವಾಗೋತನಕ ಅಥವಾ ಮದುವೆಯಾಗೋತನಕ ಉಂಟು.

ನಿಮ್ಮ ಅತ್ತೆ ಮಾವನನ್ನ ಇದಕ್ಕೆ ಸೇರಿಸೋ ವಿಷಯದಲ್ಲಿ ಹುಷಾರು. ಇಬ್ಬರದೂ ಸೇರಿ ತಿಂಗಳ ಆದಾಯ 9,000 ರೂಪಾಯಿ ಮತ್ತು ಅದರ ಮೇಲಿನ ತುಟ್ಟಿಭತ್ಯೆ ದಾಟಬಾರದು. ಚನ್ನಗಿರಿಯ ಅಡಿಕೆ ತೋಟ ಅವರ ಹೆಸರಲ್ಲೇ ಇದೆಯಲ್ಲವಾ? ಅದರ ಹುಟ್ಟುವಳಿಯನ್ನ ಮುಚ್ಚಿಟ್ಟು ಅರ್ಜಿ ತುಂಬಬೇಡಿ. ಸುಳ್ಳು ಬರೆದು ಸಿಕ್ಕಿಬಿದ್ದರೆ ತೊಂದರೆ ಅಳಿಯಂದಿರ ಕೊರಳಿಗೆ.

ಇನ್ನು ನಿನ್ನ ಅವ್ವ. ಹೇಳೋಕೆ ನನಗೇ ಕಷ್ಟ, ಅವಳು ನನ್ನ ಒಡಹುಟ್ಟಿದ ತಂಗಿ. ಅಳಿಯಂದಿರ ಕಾರ್ಡಿನಲ್ಲಿ ಹೆಂಡತಿಯ ತಂದೆ ತಾಯಿ ಸೇರೋದಿಲ್ಲ. ಮಂಡಿನೋವಿನ ಆಪರೇಷನ್ನನ್ನ ಆ ನಂಬಿಕೆ ಮೇಲೆ ಅವಳು ಮುಂದೂಡ್ತಿದ್ದಾಳೆ ಅಂತ ಕೇಳಿದೆ. ನೀನೇ ಬಿಡಿಸಿ ಹೇಳು. ಬಿಪಿಎಲ್ ಕಾರ್ಡ್ ಇದೆ, ಅದರ ಮೇಲೆ ಆಯುಷ್ಮಾನ್ ಕಾರ್ಡ್ ಮಾಡಿಸೋ ಜವಾಬ್ದಾರಿ ನನ್ನದು.

ನಿನ್ನ ಮೈದುನ ಅಗ್ನಿವೀರನಾಗಿ ಸೇರಿದಾನಲ್ಲ, ಅವನಿಗೂ ತಿಳಿಸು. ಸೇವೆಯಲ್ಲಿರುವ ನಾಲ್ಕು ವರ್ಷ ಸೈನ್ಯದ ಆಸ್ಪತ್ರೆ ಉಂಟು. ಖಾಯಮ್ಮಾಗಿ ಉಳಿಸಿಕೊಳ್ಳೋದು ನೂರಕ್ಕೆ 25 ಜನರವರೆಗೆ. ಉಳಿದವರಿಗೆ ಸೇವಾನಿಧಿ ಅಂತ ಒಟ್ಟಿಗೆ ಕೊಡುವ ದುಡ್ಡಿನ ಗಂಟು ಸಿಗುತ್ತೆ, ಪಿಂಚಣಿ ಇಲ್ಲ, ಇಸಿಎಚ್‌ಎಸ್ ಇಲ್ಲ. ಹೊರಗೆ ಬಂದ ದಿನವೇ ಆ ಗಂಟಿನಲ್ಲಿ ಸ್ವಲ್ಪ ಆರೋಗ್ಯ ವಿಮೆಗೆ ತೆಗೆದಿಡಲಿ, ಬುಲೆಟ್ ಗಾಡಿ ಆಮೇಲೆ.

ಕಾರ್ಡ್ ಬಂದಮೇಲೆ ಸೀದಾ ದೊಡ್ಡಾಸ್ಪತ್ರೆಗೆ ಹೋಗೋ ಹಾಗಿಲ್ಲ. ಮೊದಲು ಪಾಲಿಕ್ಲಿನಿಕ್, ಅಂದರೆ ಇಸಿಎಚ್‌ಎಸ್‌ನದೇ ಚಿಕಿತ್ಸಾಲಯ, ಅವರು ಬರೆದುಕೊಟ್ಟರೆ ಇಸಿಎಚ್‌ಎಸ್ ಜೊತೆ ಒಪ್ಪಂದ ಇರುವ ಆಸ್ಪತ್ರೆ. ಜೀವಕ್ಕೆ ಅಪಾಯ ಅಂದಾಗ ಯಾವ ಆಸ್ಪತ್ರೆ ಹತ್ತಿರವೋ ಅಲ್ಲಿಗೇ ನಡೀರಿ. ಅದು ಒಪ್ಪಂದದ್ದಲ್ಲದಿದ್ದರೆ 48 ಗಂಟೆಯೊಳಗೆ ಪಾಲಿಕ್ಲಿನಿಕ್ಕಿಗೆ ಸುದ್ದಿ ಮುಟ್ಟಿಸಿ, ಬಿಲ್ಲುಗಳನ್ನೆಲ್ಲ ಜೋಪಾನ ಮಾಡಿ. ಆ ಗಾಬರಿಯಲ್ಲಿ ಗಂಡಸರಿಗೆ ನೆನಪಿರಲ್ಲ, ನೀನು ನೆನಪಿಟ್ಟುಕೋ.

ಅಳಿಯಂದಿರು ರಜೆಗೆ ಬಂದಾಗ ಇಬ್ಬರೂ ಒಂದು ದಿನ ನಮ್ಮನೆಗೆ ಬನ್ನಿ. ಆಧಾರ್, ಮಕ್ಕಳ ಜನನ ಪತ್ರ, ಮಾರ್ಕ್ಸ್ ಕಾರ್ಡ್, ಬ್ಯಾಂಕಿನ ಪುಸ್ತಕ ಎಲ್ಲ ಒಂದು ಚೀಲದಲ್ಲಿ ತನ್ನಿ, ಕೂತು ನೋಡೋಣ. ರತ್ನತ್ತೆ ಅವತ್ತು ಬೆಣ್ಣೆದೋಸೆ ಮಾಡ್ತಾಳಂತೆ.

ಇಂತಿ,
ನಿನ್ನ ಮಾವ