ಚಲನೆಯ ಪಾಠ ಸೂತ್ರದಿಂದ ಶುರುವಾಗಬಾರದು

ಮಾನ್ಯರೇ,

ಪ್ರಥಮ ಪಿಯುಸಿ ಭೌತಶಾಸ್ತ್ರದಲ್ಲಿ ಚಲನೆಯ ಪಾಠ ಬಂತೆಂದರೆ ಮೂರು ಸಮೀಕರಣ ಬರೆಸಿ, ಮರುದಿನವೇ ಲೆಕ್ಕಕ್ಕೆ ಇಳಿಯುವುದು ರೂಢಿ. ನಮ್ಮ ಕಲಬುರಗಿ ಜಿಲ್ಲೆಯ ಕಾಲೇಜುಗಳಾದರೂ ಈ ಕ್ರಮವನ್ನು ತಿರುವು ಮುರುವು ಮಾಡಬೇಕು.

ವೇಗೋತ್ಕರ್ಷ, ಅಂದರೆ ವೇಗ ಬದಲಾಗುವ ದರ, ಬದಲಾಗದೆ ಇರುವಷ್ಟು ಹೊತ್ತು ಮಾತ್ರ ಆ ಸಮೀಕರಣಗಳು ಸಲ್ಲುತ್ತವೆ. ಸೆಕೆಂಡಿಗೆ 10 ಮೀಟರ್ ವೇಗದ ಬೈಕಿಗೆ ಬ್ರೇಕ್ ಹಾಕಿದಾಗ ವೇಗ ಪ್ರತಿ ಸೆಕೆಂಡಿಗೆ 5 ಮೀಟರ್‌ನಷ್ಟು ಇಳಿಯುತ್ತದೆ ಎನ್ನಿ. 4 ಸೆಕೆಂಡಿನಲ್ಲಿ ಎಷ್ಟು ದೂರ? ದೂರದ ಸೂತ್ರಕ್ಕೆ (s = ut + ½at²) ಅಂಕಿ ತುಂಬಿದರೆ 40ರಲ್ಲಿ 40 ಹೋಗಿ ಸೊನ್ನೆ! ಬೈಕು 2 ಸೆಕೆಂಡಿಗೇ, 10 ಮೀಟರ್ ಓಡಿ ನಿಂತಿರುತ್ತದೆ. ಸೂತ್ರ ಅದನ್ನು ಹಿಂದಕ್ಕೂ ಓಡಿಸಿಬಿಟ್ಟಿದೆ. ವೇಗ–ಕಾಲದ ನಕ್ಷೆ ಬರೆದವರು ಹೀಗೆ ಎಡವುವುದಿಲ್ಲ. ರೇಖೆ 2 ಸೆಕೆಂಡಿಗೆ ಸೊನ್ನೆ ಮುಟ್ಟುತ್ತದೆ, ಅದರ ಕೆಳಗಿನ ತ್ರಿಭುಜದ ವಿಸ್ತೀರ್ಣವೇ ಓಡಿದ ದೂರ.

ನಕ್ಷೆಗೆ ಬೇಕಾದ ಅಂಕಿಗಳನ್ನು ಮಕ್ಕಳೇ ಅಳೆಯಲಿ. ಕಿಟಕಿ ಮಾಡುವವರ ಬಳಿ ಸಿಗುವ ಅಲ್ಯೂಮಿನಿಯಂ ಆ್ಯಂಗಲ್ (L ಆಕಾರದ ಪಟ್ಟಿ), ಒಂದು ಗಾಜಿನ ಗೋಲಿ, ಮೊಬೈಲಿನ ಸ್ಟಾಪ್‌ವಾಚ್ ಸಾಕು. ಆ್ಯಂಗಲ್ಲನ್ನು V ಆಕಾರದ ಹಳ್ಳದಂತೆ ಮೇಲ್ಮುಖವಾಗಿಟ್ಟು, 2 ಮೀಟರ್‌ಗೆ 4 ಸೆಂಟಿಮೀಟರ್ ಇಳಿಜಾರು ಕೊಡಿ. ನಡುವೆ ಜೋತುಬೀಳದಂತೆ ಆಧಾರ ಇಡಿ. ಜೋತುಬಿದ್ದರೆ ವೇಗೋತ್ಕರ್ಷ ಉದ್ದಕ್ಕೂ ಒಂದೇ ಇರದು. ಗೋಲಿಯನ್ನು ಬೆರಳಿನಿಂದ ಬಿಟ್ಟರೆ ತಳ್ಳಿದಂತಾಗುತ್ತದೆ. ಅದರ ಮುಂದೆ ಅಡ್ಡ ಹಿಡಿದ ಸ್ಕೇಲನ್ನು ಮುಂದಕ್ಕೆ ಸರಕ್ಕನೆ ತೆಗೆಯಬೇಕು. ಅರ್ಧ ಮೀಟರ್‌ಗೆ ಸುಮಾರು 3 ಸೆಕೆಂಡು, 2 ಮೀಟರ್‌ಗೆ ಸುಮಾರು 6 ಸೆಕೆಂಡು ಬರುತ್ತದೆ: ದೂರ ನಾಲ್ಕು ಪಟ್ಟು, ಕಾಲ ಎರಡೇ ಪಟ್ಟು. ಕಾಲದ ವರ್ಗಕ್ಕೆದುರಾಗಿ ದೂರವನ್ನು ಗುರುತಿಸಿದರೆ ನೇರ ಗೆರೆ; ಆ ಗೆರೆಯ ಓರೆಯ (slope) ಎರಡರಷ್ಟೇ ವೇಗೋತ್ಕರ್ಷ. ಕೈ ಒತ್ತುವ ತಡ ಸೆಕೆಂಡಿನ ಐದನೇ ಒಂದು ಭಾಗದಷ್ಟು ಇರುವುದರಿಂದ, ಇಳಿಜಾರು ಹೆಚ್ಚಿಸಿ ಗೋಲಿಯನ್ನು ಓಡಿಸಬೇಡಿ.

ಇಲ್ಲಿ ಉಪನ್ಯಾಸಕರಿಗೂ ಒಂದು ಮಾತು. ವೇಗೋತ್ಕರ್ಷದ ಉತ್ತರ ಸುಮಾರು 0.11 ಮೀ/ಸೆ² ಬರುತ್ತದೆ, ಘರ್ಷಣೆಯಿಲ್ಲದೆ ಜಾರುವ ವಸ್ತುವಿನ ಲೆಕ್ಕ 0.196 ಎನ್ನುತ್ತದೆ. ಪ್ರಯೋಗ ಕೆಟ್ಟಿತೆಂದು ಅಂಕಿ ತಿದ್ದಿಸಬೇಡಿ, ದಯವಿಟ್ಟು. ಗೋಲಿ ಜಾರುವುದಿಲ್ಲ, ಎರಡು ಬದಿಗೂ ತಾಗಿ ಉರುಳುತ್ತದೆ. ಲಂಬಕೋನದ ಆ್ಯಂಗಲ್ಲಿನಲ್ಲಿ ತಿರುಗುವುದಕ್ಕೂ ಪಾಲು ಹೋಗುವುದರಿಂದ ಅದಕ್ಕೆ ಸಿಗುವುದು ಜಾರುವ ವಸ್ತುವಿನ ವೇಗೋತ್ಕರ್ಷದ ಒಂಬತ್ತರಲ್ಲಿ ಐದು ಪಾಲು ಮಾತ್ರ.

ಸರಾಸರಿ ಜವದ (ಒಟ್ಟು ದೂರವನ್ನು ಒಟ್ಟು ಕಾಲದಿಂದ ಭಾಗಿಸಿದ್ದು) ವಿಷಯವೂ ಹೀಗೇ. ಬೀದರ್‌ಗೆ ಗಂಟೆಗೆ 60 ಕಿ.ಮೀ.ನಂತೆ ಹೋಗಿ ಅದೇ ದಾರಿಯಲ್ಲಿ 40ರಂತೆ ಮರಳಿದರೆ ಸರಾಸರಿ 50 ಅಲ್ಲ, 48. ನಿಧಾನವಾಗಿ ಬಂದ ಹೊತ್ತೇ ಹೆಚ್ಚು. ಸ್ಥಾನಪಲ್ಲಟವಂತೂ (ಹೊರಟ ಜಾಗದಿಂದ ತಲುಪಿದ ಜಾಗಕ್ಕಿರುವ ನೇರ ಅಂತರ) ಸೊನ್ನೆ.

ಪಾಠದ ಮೊದಲ ಎರಡು ಪೀರಿಯಡ್ ಈ ಅಳತೆಗೇ ಮೀಸಲಿರಲಿ. ಕಿರುಪರೀಕ್ಷೆಯಲ್ಲಿ ಒಂದು ಪ್ರಶ್ನೆಯಾದರೂ ವಿದ್ಯಾರ್ಥಿ ತಾನೇ ಅಳೆದ ಅಂಕಿಗಳಿಂದ ನಕ್ಷೆ ಬರೆಯುವಂಥದ್ದಿರಲಿ ಎಂದು ಪ್ರಾಚಾರ್ಯರಲ್ಲಿ ಕೋರುತ್ತೇವೆ.

– ಭೌತಶಾಸ್ತ್ರ ಉಪನ್ಯಾಸಕರು, ಕಲಬುರಗಿ