ಗಿಟಾರ್ ಕರ್ಕಶ ಆಗೋದು ಸ್ಟುಡಿಯೋ ಇಲ್ಲದ್ದಕ್ಕಲ್ಲ, ಗೇನ್ ಜಾಸ್ತಿ ಆಗಿದ್ದಕ್ಕೆ

ಮಾನ್ಯ ಸಂಪಾದಕರೇ,

ಮೊನ್ನೆ ನಿಮ್ಮ ಓದುಗರ ಪತ್ರ ವಿಭಾಗದಲ್ಲಿ ಒಬ್ರು ಬರೆದಿದ್ರು, ಕೊಡಗಿನ ಹುಡುಗ್ರು ಮನೇಲಿ ಮಾಡಿ ಯೂಟ್ಯೂಬಿಗೆ ಹಾಕೋ ಹಾಡುಗಳಲ್ಲಿ ಗಿಟಾರ್ ಕೇಳೋಕಾಗಲ್ಲ, ಕಿವಿಗೆ ಚುಚ್ಚುತ್ತೆ, ಇಲ್ಲಿ ಒಳ್ಳೆ ಸ್ಟುಡಿಯೋ ಇಲ್ಲ ಅದಕ್ಕೇ ಹಿಂಗೆ ಅಂತ. ಚುಚ್ಚುತ್ತೆ ಅನ್ನೋದು ನಿಜ. ಕಾರಣ ಮಾತ್ರ ಸ್ಟುಡಿಯೋ ಅಲ್ಲ ಸಾರ್, ಗೇನ್, ಅಂದ್ರೆ ಒಳಗೆ ಬರೋ ಸದ್ದನ್ನ ರೆಕಾರ್ಡ್ ಆಗೋ ಮುಂಚೆ ಎಷ್ಟು ದೊಡ್ಡದು ಮಾಡ್ಬೇಕು ಅನ್ನೋ ನಾಬ್. ಗೋಣಿಕೊಪ್ಪ, ಪೊನ್ನಂಪೇಟೆ ಕಡೆ ಹುಡುಗ್ರು ಮಿಕ್ಸ್ ಮಾಡಿಕೊಡಿ ಅಂತ ಫೈಲ್ ಕಳಿಸ್ತಾ ಇರ್ತಾರೆ, ತೆಗೆದು ದೊಡ್ಡದು ಮಾಡಿ ನೋಡಿದ್ರೆ ಬೇಲಿ ಗಿಡ ಕತ್ತರಿಸಿದಂಗೆ ಅಲೆಗಳ ತುದಿ ಎಲ್ಲಾ ಸಪಾಟು. ಇದಕ್ಕೆ ಕ್ಲಿಪ್ಪಿಂಗ್ ಅಂತಾರೆ. ಡಿಜಿಟಲ್‌ನಲ್ಲಿ ಸದ್ದನ್ನ ಅಳೆಯೋ ಡೆಸಿಬಲ್ ಲೆಕ್ಕಕ್ಕೆ ಸೊನ್ನೆಯೇ ಸೂರು (ಕೆಳಗಿನದ್ದೆಲ್ಲಾ ಮೈನಸ್), ಅದರ ಮೇಲೆ ಜಾಗಾನೇ ಇಲ್ಲ, ಅಲ್ಲಿಗೆ ಬಡಿದದ್ದು ಅಲ್ಲೇ ಕಟ್. ರಿಪೇರಿ ಮಾಡೋ ಸಾಫ್ಟ್‌ವೇರ್ ಇದೆ ಆದ್ರೆ ಅದು ಹೋಗಿದ್ದನ್ನ ಅಂದಾಜಲ್ಲಿ ತುಂಬುತ್ತೆ ಅಷ್ಟೇ.

ಯಾಕಪ್ಪಾ ಇಷ್ಟು ಗೇನ್ ಅಂತ ಕೇಳಿದ್ರೆ ಎಲ್ಲರದ್ದೂ ಒಂದೇ ಉತ್ತರ, ಮೀಟರಿನ ಕೆಂಪು ಲೈಟಿನ ಹತ್ತಿರ ಹತ್ತಿರ ಇದ್ರೇ ಒಳ್ಳೆ ಸೌಂಡ್ ಅಂತ ಯಾರೋ ಹೇಳಿದ್ರು. ಅದು ಟೇಪ್ ಕಾಲದ ಮಾತು. ಟೇಪಿಗೆ ತನ್ನದೇ ಒಂದು ಸುಯ್ ಅನ್ನೋ ಸದ್ದಿತ್ತು, ಮೆಲ್ಲಗೆ ರೆಕಾರ್ಡ್ ಮಾಡಿದ್ರೆ ಹಾಡು ಅದರೊಳಗೇ ಮುಳುಗ್ತಿತ್ತು, ಹಾಗಾಗಿ ಜೋರಾಗಿ ಹಿಡೀತಿದ್ರು, ಸ್ವಲ್ಪ ಹೆಚ್ಚಾದ್ರೂ ಟೇಪ್ ಮೆತ್ತಗೆ ಒತ್ತಿಕೊಳ್ತಿತ್ತೇ ಹೊರತು ಹಿಂಗೆ ಪಟ್ ಅಂತ ಕತ್ತರಿಸ್ತಿರಲಿಲ್ಲ. ಈಗಿನ ಇಂಟರ್‌ಫೇಸ್ (ಗಿಟಾರ್, ಮೈಕನ್ನ ಕಂಪ್ಯೂಟರಿಗೆ ಜೋಡಿಸೋ ಡಬ್ಬಿ) ಹೆಚ್ಚಿನವು ಕಡಿಮೆ ಅಂದ್ರೂ 24 ಬಿಟ್, ಬಿಟ್ ಜಾಸ್ತಿ ಇದ್ದಷ್ಟೂ ಮೆಲ್ಲಗಿನ ಸದ್ದೂ ಚೆನ್ನಾಗಿ ಹಿಡಿಯುತ್ತೆ, ಒಂದು ಬಿಟ್ಟಿಗೆ ಹತ್ತತ್ತಿರ 6 ಡೆಸಿಬಲ್ ಲೆಕ್ಕ ಹಾಕಿದ್ರೂ ಅತಿ ಮೆಲ್ಲಗಿನಿಂದ ಅತಿ ಜೋರಿನವರೆಗೆ ಲೆಕ್ಕದಲ್ಲಿ 144 ಆಯ್ತು, ಸಿಡಿಗೆ ಇದ್ದದ್ದು 16 ಬಿಟ್, 96 ಡೆಸಿಬಲ್. ಅಂದ್ರೆ ಪೀಕ್ (ಅತಿ ಜೋರಿನ ತುದಿ) ಮೈನಸ್ 12ರಲ್ಲಿ ಇಟ್ರೂ ಹೋಗೋದು 2 ಬಿಟ್, ಉಳಿದ 22 ಬಿಟ್ ಧಾರಾಳ ಸಾಕು. ಮೀಟರಲ್ಲಿ ಸರಾಸರಿ ಮೈನಸ್ 18 ಆಸುಪಾಸು, ಜೋರಾಗಿ ಬಾರಿಸಿದಾಗ ಮೈನಸ್ 12, ಎಲ್ಲೋ ಒಂದು ಪೆಟ್ಟು ಮೈನಸ್ 8 ಮುಟ್ಟಿದ್ರೆ ಮುಟ್ಲಿ. ಕೇಳೋಕೆ ಸಣ್ಣ ಅನ್ಸಿದ್ರೆ ಹೆಡ್‌ಫೋನ್ ವಾಲ್ಯೂಮ್ ಏರಿಸಿ, ಗೇನ್ ಮುಟ್ಬೇಡಿ.

ಲೆವೆಲ್ ಸೆಟ್ ಮಾಡುವಾಗ ಎಲ್ರೂ ಮೆಲ್ಲಗೆ ನಾಲ್ಕು ತಂತಿ ಮೀಟಿ ಹಾ ಸರಿ ಅಂತಾರೆ, ಆಮೇಲೆ ರೆಕಾರ್ಡ್ ಒತ್ತಿದ ಮೇಲೆ ವಾಲಗದ ಕುಣಿತ ಬಂದಂಗೆ ಕೋರಸ್‌ನಲ್ಲಿ ಕೈ ಬೀಸಿ ಬಾರಿಸ್ತಾರೆ. ಹಾಡಲ್ಲಿ ಅತಿ ಜೋರಿನ ಭಾಗ ಯಾವುದೋ ಅದನ್ನೇ ಪೂರ್ತಿ ಜೋಶಲ್ಲಿ ಬಾರಿಸಿ, ಗಿಟಾರಿನ ವಾಲ್ಯೂಮ್ ಫುಲ್ ಇಟ್ಟು, ಆಗ ಗೇನ್ ಸೆಟ್ ಮಾಡ್ಬೇಕು. ಕಂಪ್ಯೂಟರಲ್ಲಿರೋ ಫೇಡರ್ (ವಾಲ್ಯೂಮ್ ಪಟ್ಟಿ) ಇಳಿಸಿದ್ರೆ ಏನೂ ಪ್ರಯೋಜನ ಇಲ್ಲ, ಕತ್ತರಿ ಬಿದ್ದಿರೋದು ಅದಕ್ಕಿಂತ ಮುಂಚೆ ಇಂಟರ್‌ಫೇಸಲ್ಲೇ. ಎಲೆಕ್ಟ್ರಿಕ್ ಗಿಟಾರ್ ನೇರ ಚುಚ್ಚೋರು ಇಂಟರ್‌ಫೇಸಲ್ಲಿ ಇನ್‌ಸ್ಟ್ರುಮೆಂಟ್ ಅನ್ನೋ ಬಟನ್ ಒತ್ತಿದ್ದೀರಾ ನೋಡಿ, ಲೈನ್‌ನಲ್ಲೇ ಬಿಟ್ರೆ ಪಿಕಪ್ (ತಂತಿ ಅದುರೋದನ್ನ ಹಿಡಿಯೋ ಕಾಯಿಲ್) ಸೌಂಡ್ ಮಂಕಾಗಿ ಬರುತ್ತೆ, ಆಮೇಲೆ ಅದನ್ನ ಸರಿ ಮಾಡೋಕೆ ಅಂತ ಗೇನ್ ತಿರುಗಿಸ್ತಾ ಕೂರ್ತೀರಿ.

ಇನ್ನೊಂದು ಇದೆ, ಇದು ಯಾರೂ ಗಮನಿಸಲ್ಲ. ಪಕ್ಕದಲ್ಲಿ ಸಣ್ಣ ಈಕ್ವಲೈಸರ್ ಡಬ್ಬಿ ಇರೋ ಅಕೌಸ್ಟಿಕ್ ಗಿಟಾರಿಗೆ ಸಾಮಾನ್ಯವಾಗಿ ಒಂದು 9 ವೋಲ್ಟ್ ಬ್ಯಾಟರಿ ಇರುತ್ತೆ. ಅದು ಇಳೀತಾ ಬಂದ್ರೆ ಮೀಟರ್ ಮೈನಸ್ 15 ತೋರಿಸ್ತಾ ಇದ್ರೂ ಸೌಂಡ್ ಒಡೆಯುತ್ತೆ, ಯಾಕಂದ್ರೆ ಒಡೆಯೋದು ಗಿಟಾರೊಳಗೇ. ಜ್ಯಾಕ್ ಚುಚ್ಚಿಟ್ರೆ ಬ್ಯಾಟರಿ ಸುಮ್ನೆ ಖಾಲಿ ಆಗ್ತಾ ಇರುತ್ತೆ, ರಾತ್ರಿ ಕಿತ್ತಿಡಿ.

ಮಳೆಗಾಲದ ಕಥೆ ನಮ್ದೇ ಬೇರೆ. ಜೂನಿಂದ ಶೀಟ್ ಮನೇಲಿ ಮೈಕ್ ಇಟ್ರೆ ಗಿಟಾರಿಗಿಂತ ಮಳೇನೇ ಜೋರು. ಗೇನ್ ಇಳಿಸಿದ್ರೆ ಮಳೆ ಸದ್ದು ಹೋಗುತ್ತೆ ಅಂತ ಮಾಡ್ತಾರೆ, ಹೋಗಲ್ಲ, ಎರಡೂ ಒಟ್ಟಿಗೆ ಇಳಿಯುತ್ತೆ, ಏರಿಸಿದ್ರೆ ಒಟ್ಟಿಗೆ ಏರುತ್ತೆ. ಮೈಕನ್ನೇ ಹತ್ತಿರ ತರಬೇಕು, ಹನ್ನೆರಡನೇ ಫ್ರೆಟ್ (ಕತ್ತಿನ ಮೇಲಿನ ಲೋಹದ ಪಟ್ಟಿ) ಎದುರು ಒಂದು ಗೇಣು ದೂರ, ಸೌಂಡ್ ಹೋಲ್ ಎದುರು ಬೇಡ ಗುಂಯ್ ಅನ್ನುತ್ತೆ, ಹತ್ತಿರ ತಂದ ಮೇಲೆ ಗೇನ್ ಮತ್ತೆ ಮೊದಲಿಂದ ಸೆಟ್ ಮಾಡಿ. ಜೋರು ಮಳೆಗೆ ಇದೂ ಸಾಲಲ್ಲ, ಅವತ್ತು ಎಲೆಕ್ಟ್ರಿಕ್ ಟ್ರ್ಯಾಕ್ ಮುಗಿಸಿಕೊಳ್ಳಿ, ಪಿಕಪ್‌ಗೆ ಮಳೆ ಗೊತ್ತಾಗಲ್ಲ. ಇನ್ವರ್ಟರ್ ಗೊತ್ತಾಗುತ್ತೆ ಮಾತ್ರ! ಕರೆಂಟ್ ಹೋದಾಗ ಜುಯ್ ಅಂತ ಬಂದ್ರೆ ಚಾರ್ಜರ್ ಕಿತ್ತು ಲ್ಯಾಪ್‌ಟಾಪ್ ಬ್ಯಾಟರೀಲೇ ರೆಕಾರ್ಡ್ ಮಾಡಿ, ಯುಎಸ್‌ಬಿಯಿಂದಲೇ ಕರೆಂಟ್ ತಗೊಳ್ಳೋ ಇಂಟರ್‌ಫೇಸ್ ಆದ್ರೆ ಏನೂ ತೊಂದ್ರೆ ಇಲ್ಲ, ಸಿಂಗಲ್ ಕಾಯಿಲ್ ಪಿಕಪ್ ಆದ್ರೆ ಇನ್ವರ್ಟರಿಂದ ದೂರ ಕೂತು ಸ್ವಲ್ಪ ಆ ಕಡೆ ಈ ಕಡೆ ತಿರುಗಿ ನೋಡಿ, ಒಂದು ದಿಕ್ಕಲ್ಲಿ ಸದ್ದು ಕಡಿಮೆ ಆಗುತ್ತೆ.

ಫೈಲ್ ಕಳಿಸುವಾಗ ದಯವಿಟ್ಟು ವಾಟ್ಸಾಪಲ್ಲಿ ಡಾಕ್ಯುಮೆಂಟ್ ಅಂತ ಕಳ್ಸಿ, ಮೇಲೆ ಲಿಮಿಟರ್ (ತುದಿ ಒತ್ತಿ ಒಟ್ಟು ಸದ್ದು ಏರಿಸೋ ಸಾಫ್ಟ್‌ವೇರ್) ಹಾಕಿ ಜೋರು ಮಾಡಿ ಕಳಿಸ್ಬೇಡಿ. ಜೋರು ಮಾಡೋದು ಕೊನೇ ಕೆಲಸ, ತುಂಬಾ ಜೋರಿದ್ರೆ ಯೂಟ್ಯೂಬೇ ಇಳಿಸುತ್ತೆ.

ಹಾಗಂತ ಪತ್ರ ಬರೆದವರು ಕೇಳಿದ ಸ್ಟುಡಿಯೋ ಬೇಡ ಅಂತಲ್ಲ. ದುಡಿ, ವಾಲಗ, ಹಾಡುವವರು ಎಲ್ಲಾ ಒಟ್ಟಿಗೆ ಕೂತು ರೆಕಾರ್ಡ್ ಮಾಡೋಕೆ ದೊಡ್ಡ ರೂಮು, ನಾಲ್ಕೈದು ಮೈಕು ಬೇಕೇ ಬೇಕು, ಮಡಿಕೇರಿಲೋ ವಿರಾಜಪೇಟೆಲೋ ಆದ್ರೆ ನಂದೂ ಒಂದು ಓಟು. ಗಿಟಾರ್ ಒಂದಕ್ಕೋಸ್ಕರ ಮೈಸೂರು ಬಸ್ ಹತ್ತೋ ಮುಂಚೆ ಮನೇಲಿ ಆ ಗೇನ್ ನಾಬ್ ಸ್ವಲ್ಪ ಎಡಕ್ಕೆ ತಿರುಗಿಸಿ ನೋಡಲಿ ಅಂತ ಅಷ್ಟೇ.

ಇಂತಿ,
ನಿಮ್ಮ ಓದುಗ, ಗೋಣಿಕೊಪ್ಪ